ಕನ್ನಡಕದ ಕಡ್ಡಿ

ಗೋಂದು ಹಚ್ಚಿದ ಕನ್ನಡಕವನ್ನು ಕೆಟಲಿನ ಮೇಲೆ ಒತ್ತಿ ಹಿಡಿದು, ಅಂಟಲಿ ಎಂದು ಗೋಂದಣ್ಣ ನೂರರವರೆಗೆ ಎಣಿಸುತ್ತಿದ್ದ. ಗೊಂಬೆಗೆ ಕೆಟಲು ತಲೆ, ಕೋಟಿನ ಹ್ಯಾಂಗರು ಹೆಗಲು, ಎರಡು ಸೌಟು ಕೈ. ಎಲ್ಲವೂ ಗೆಳೆಯನ ಸಾಮಾನೇ. ಮೂವತ್ತು ವರ್ಷ ಇದೇ ಶೆಡ್ಡಿನಲ್ಲಿ ಇಬ್ಬರೂ ಮನೆಬಳಕೆಯ ಹಳೇ ಸಾಮಾನಿನಿಂದ ಗೊಂಬೆ ಕಟ್ಟಿದವರು. ಈಗ ಗೆಳೆಯ ಪಕ್ಕದ ಮನೆಯ ಹಜಾರದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಅವನನ್ನು ಒಯ್ಯುವಾಗ ಈ ಗೊಂಬೆ ಶೆಡ್ಡಿನ ಬಾಗಿಲಲ್ಲಿ ನಿಂತಿರಬೇಕು ಎಂದು ಗೋಂದಣ್ಣ ಹಟ ಹಿಡಿದಿದ್ದ. ಅಳುವುದಕ್ಕೂ ಪುರುಸೊತ್ತು ಮಾಡಿಕೊಂಡಿರಲಿಲ್ಲ.

ಗೆಳೆಯನ ಹೆಂಡತಿ ಒಳಗೆ ಬಂದಳು.

"ಅಣ್ಣಾ, ಇವರ ಕನ್ನಡಕ ನೋಡಿದ್ರಾ? ಮನೆಯೆಲ್ಲಾ ಜಾಲಾಡಿಬಿಟ್ಟೆ. ಅದಿಲ್ದೆ ಮುಖ ಯಾರದೋ ಅನ್ನಿಸ್ತಿದೆ. ಹಾಕಿ ಕಳಿಸೋಣ ಅಂತ..."

ಅಷ್ಟರಲ್ಲಿ ಅವಳಿಗೆ ಕೆಟಲು ಕಂಡಿತು.

*

ಗೆಳೆಯ ಎಲ್ಲಕ್ಕೂ ಸ್ಕ್ರೂ ಹಾಕುವವನು. ಅವನ ಗೊಂಬೆಗಳ ಕೈಯಿಂದ ಹೆಂಡತಿ ಸೌಟು ಬಿಚ್ಚಿಕೊಂಡು ಹೋಗಿ, ಅಡುಗೆ ಮುಗಿಸಿ, ತೊಳೆದು ತಂದು ಮತ್ತೆ ಸಿಕ್ಕಿಸುತ್ತಿದ್ದಳು.

"ಅದಕ್ಕೆ ಗೋಂದು ಹಚ್ಬೇಡ್ವೋ. ನಾಳೆ ಯಾರಿಗಾದ್ರೂ ಬೇಕಾದ್ರೆ?" ಎಂದಿದ್ದ ಗೆಳೆಯ ಒಂದು ದಿನ.

"ಗುಜರಿ ಸಾಮಾನು ಯಾರಿಗೆ ಬೇಕು? ಸುಮ್ನಿರು."

"ನೀನು ಉದ್ಧಾರ ಆಗಲ್ಲ ಬಿಡು, ಗೋಂದಣ್ಣ!"

ಅಂದಿನಿಂದ ಬೀದಿಗೆಲ್ಲ ಅವನು ಗೋಂದಣ್ಣನೇ. ಹಾಗೆ ಕರೆದಾಗಲೆಲ್ಲ ರೇಗುತ್ತಿದ್ದ, ಒಳಗೊಳಗೇ ಖುಷಿಪಡುತ್ತಿದ್ದ.

*

"ತಪ್ಪಾಯ್ತಮ್ಮಾ. ಇನ್ನು ಯಾರಿಗೂ ಬೇಡ ಅಂದ್ಕೊಂಡೆ."

ಚಾಕುವಿನ ತುದಿ ತೂರಿಸಿ ಮೆಲ್ಲಗೆ ಮೀಟಿದ. ಬಲಗಡೆಯ ಕಡ್ಡಿ ಬಿಟ್ಟಿತು. ಎಡಗಡೆಯದು ಜಪ್ಪಯ್ಯ ಅಂದರೂ ಬಿಡಲಿಲ್ಲ. ಇನ್ನೊಂದು ಸಲ ಜೋರಾಗಿ ಮೀಟಿದಾಗ ಕಡ್ಡಿ ಲಟಕ್ಕನೆ ಮುರಿಯಿತು. ಕನ್ನಡಕ ಕೈಗೆ ಬಂತು, ಕಡ್ಡಿ ಕೆಟಲಿನ ಮೇಲೆಯೇ ಉಳಿಯಿತು.

ಗೋಂದಣ್ಣ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. "ಇದ್ದಾಗಲೂ ಅವನ ಮಾತು ಕೇಳ್ಲಿಲ್ಲ. ಇವತ್ತಾದ್ರೂ ಕೇಳಬಾರ್ದಿತ್ತಾ ನಾನು?"

ಅವಳು ಕನ್ನಡಕ ತೆಗೆದುಕೊಂಡು ಸೆರಗಿನಿಂದ ಗಾಜು ಒರೆಸಿದಳು.

"ಒಂದೇ ಕಡ್ಡೀಲೂ ನಿಲ್ಲುತ್ತೆ ಅಣ್ಣಾ. ಮಲಗಿದ್ದಾರಲ್ಲ, ಬೀಳಲ್ಲ. ಬನ್ನಿ, ನೀವೇ ಹಾಕಿ."

ಹಜಾರಕ್ಕೆ ಹೋಗಿ ಹಾಕಿದ. ಮುಖ ಮತ್ತೆ ಗೆಳೆಯನದಾಯಿತು. ಅದನ್ನು ನೋಡುವುದೇ ಕಷ್ಟವಾಯಿತು.

ನಾಲ್ವರು ಎತ್ತಿದರು. ಒಬ್ಬ ಎಡವಿದ, ಹೆಣ ಕುಲುಕಿತು, ಕನ್ನಡಕ ಒಂದು ಬದಿಗೆ ಜಾರಿತು.

"ಸ್ವಲ್ಪ ನಿಧಾನ ಕಣ್ರಪ್ಪಾ," ಎನ್ನುತ್ತ ಗೋಂದಣ್ಣ ಮುಂದೆ ನುಗ್ಗಿದ.

ಶೆಡ್ಡಿನ ಬಾಗಿಲಲ್ಲಿ ಗೊಂಬೆ ನಿಂತಿತ್ತು, ಕೆಟಲಿನ ಪಕ್ಕಕ್ಕೆ ಒಂದೇ ಒಂದು ಕಡ್ಡಿ. ಗೋಂದಣ್ಣ ಅತ್ತ ನೋಡಲಿಲ್ಲ. ಕನ್ನಡಕದ ಎಡ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಗೆಳೆಯನ ಕಿವಿಯ ಪಕ್ಕದಲ್ಲೇ ನಡೆದ. ಶವದ ಗಾಡಿಯೊಳಗೆ ಮಲಗಿಸಿದ ಮೇಲೂ ಬೆರಳು ಬಿಡಲಿಲ್ಲ.