ಎಮ್ಮೆಯ ಹಿಂದೆ ನಿಂತು ಹೇಳಿದ ಮಾತು

ಶವಪೆಟ್ಟಿಗೆ ಬಾಗಿಲಲ್ಲೇ ಸಿಕ್ಕಿಕೊಂಡಿತು. ಊರಿನ ಹುಡುಗರು, ರುದ್ರೇಶ ಒಂದು ಕಡೆ, ಗೌಸ ಇನ್ನೊಂದು ಕಡೆ ಹಿಡಿದು ಎಷ್ಟು ಓರೆ ಮಾಡಿದರೂ ಒಳಗೆ ಹೋಗಲೊಲ್ಲದು.

"ಅಂಗಳದಾಗ ಇಡ್ರಪಾ. ಅಂವ ಎಂದರ ಮನಿಯೊಳಗ ಕುಂತಂವ ಏನು?" ಎಂದಳು ಅಗ್ನೆಸ್. ಅತ್ತು ಅತ್ತು ದನಿ ಒಡೆದಿದ್ದರೂ ಮಾತು ಗಟ್ಟಿಯಾಗಿತ್ತು.

ನಿಜವೇ. ಅವಳ ಗಂಡ ಬಸ್ತ್ಯಾಂವ ಹಳಿಯಾಳದ ದನದ ದವಾಖಾನೆಯವನು. ಬೆದೆಗೆ ಬಂದ ಎಮ್ಮೆ ಆಕಳುಗಳಿಗೆ ಕೋಣ ಹೋರಿಗಳ ಬೀಜದ ಇಂಜೆಕ್ಷನ್ ಕೊಡುತ್ತ ಹಳ್ಳಿ ಹಳ್ಳಿ ತಿರುಗಿದ್ದೇ ಅವನ ಬದುಕು. ಸುತ್ತಲಿನ ಏಳು ಊರಲ್ಲಿ ಅವನ ಕೈಗುಣದಿಂದ ಕರು ಕಾಣದ ಕೊಟ್ಟಿಗೆ ಇರಲಿಲ್ಲ. ಅವನ ಮನೆಯಲ್ಲಿ ಮಾತ್ರ ತೊಟ್ಟಿಲು ಕಟ್ಟಲಿಲ್ಲ.

ಅಣಶಿ ಕಡೆಯಿಂದ ಬಂದಿದ್ದ ಅವನಕ್ಕ ನತಾಲಿನ್ ಅಳು ನಿಲ್ಲಿಸಿ ಸೆರಗಿನಿಂದ ಮೂಗೊರೆಸಿಕೊಂಡಳು. ಎಲ್ಲರಿಗೂ ತಿಳಿಯಲೆಂದೇ ಕೊಂಕಣಿ ಬಿಟ್ಟು ಕನ್ನಡದಲ್ಲಿ ಶುರು ಮಾಡಿದಳು.

"ಮದಲ ಮಣ್ಣು ನನ್ನ ಮಗ ನಿತೇಶ ಹಾಕಲಿ. ಹಾಕಾಕ ಇನ್ಯಾರದಾರ? ಬಂಜಿನ್ನ ಕಟಗೊಂಡು ನನ್ನ ತಮ್ಮನ ವಂಶ ಮುಳುಗಿತು."

ಅಗ್ನೆಸ್ ತುಟಿ ಕಚ್ಚಿಕೊಂಡಳು. ಒಂದೇ ಮಾತು ಆಡಿದ್ದರೆ ನತಾಲಿನಳ ಬಾಯಿ ಮುಚ್ಚುತ್ತಿತ್ತು. ಆದರೆ ಗಂಡನ ಮಾನ ಹೋಗುತ್ತಿತ್ತು. ಮೂವತ್ತು ವರ್ಷ ಕಾಯ್ದದ್ದನ್ನು ಈ ಒಂದು ದಿನ ಕಾಯಲಾರೆನೇ ಎಂದು ಸುಮ್ಮನಾದಳು.

* * *

ಮದುವೆಯಾಗಿ ಆರು ವರ್ಷ ಕಳೆದಿದ್ದ ಒಂದು ಭಾನುವಾರ. ಚರ್ಚಿನಿಂದ ನೇರ ದವಾಖಾನೆಗೆ ಕರೆದೊಯ್ದು ಬಸ್ತ್ಯಾಂವ ಮೈಕ್ರೋಸ್ಕೋಪಿನಲ್ಲಿ ಹೋರಿಯ ಬೀಜ ತೋರಿಸಿದ್ದ. ಅಬ್ಬಬ್ಬಾ! ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ. ಬಾಲ ಬಡಿಯುತ್ತ ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಆಮೇಲೆ ಇನ್ನೊಂದು ಗಾಜು ಇಟ್ಟ.

"ಇದರಾಗ ಏನೂ ಇಲ್ಲಲ್ಲ?"

"ಇದು ನಂದು," ಎಂದ ಬಸ್ತ್ಯಾಂವ. "ಮೂರು ಸಲ ನೋಡೇನಿ. ತಾಯಿ ಹೊಟ್ಯಾಗ ಪಿಂಡ ಇದ್ದಾಗನ ಬೀಜದ ಕಣ ಬ್ಯಾರೆ ಕಡೆ ಹುಟ್ಟಿ, ನಡಕೋತ ಬಂದು ವೃಷಣ ಸೇರತಾವಂತ. ನನ್ನವು ದಾರ್ಯಾಗ ಎಲ್ಲೋ ಉಳದಾವು ಅಂತಾರ ಡಾಕ್ಟರ್ ಸಾಹೇಬ್ರು. ದೋಷ ನಿಂದಲ್ಲ ಅಗ್ನೆಸ್. ಊರಿಗೆ ಹೇಳಿಬಿಡತೇನಿ."

"ಹುಚ್ಚ ಏನು ನೀ? ಊರಿಗೆಲ್ಲಾ ಕರು ಕೊಡಾಂವನ್ನ ನೋಡಿ ಜನ ನಗಬೇಕೇನು? ಯಾರ ಮುಂದೂ ಹೇಳೂದಿಲ್ಲಂತ ಆಣಿ ಮಾಡು."

ಅವಳ ಮುಖ ನೋಡಿ ಅವನು ಆಣೆ ಮಾಡಿದ. ಬರುವ ಚುಚ್ಚುಮಾತಿಗೆಲ್ಲ ಅಗ್ನೆಸ್ ಎದೆ ಗಟ್ಟಿ ಮಾಡಿಕೊಂಡು ಕೂತಳು. ಆದರೆ ಒಂದೆರಡು ವರ್ಷದಲ್ಲಿ ಊರವರ ಚುಚ್ಚುಮಾತೇ ನಿಂತುಹೋಯಿತು. ಜನಕ್ಕೆ ಬೇಸರ ಬಂದಿರಬೇಕು, ಪಾಪ, ಒಳ್ಳೆಯವರು ಎಂದುಕೊಂಡಿದ್ದಳು.

* * *

"ಏ ಬಾಯಿ, ನಾಲಿಗಿ ಬಿಗಿ ಹಿಡಿ!"

ಕಟ್ಟೆಯ ಮೇಲಿಂದ ಎದ್ದವಳು ಮಾಲವ್ವ. ನಾಲ್ಕು ಎಮ್ಮೆ ಕಟ್ಟಿ ಹಾಲು ಮಾರಿಯೇ ಮನೆ ನಡೆಸಿದವಳು. ಎಪ್ಪತ್ತಾದರೂ ದನಿ ಇನ್ನೂ ಖಣಖಣ ಅನ್ನುತ್ತಿತ್ತು.

"ನಾನೂ ಒಮ್ಮೆ ಹಿಂಗ ಅಂದಿದ್ದೆ. 'ನಮಗ ಕರು ಕೊಡತೀ, ನಿನ್ನ ಮನಿಯಾಗ ಎಂದೋ? ಇನ್ನೊಂದು ಮದಿವಿ ಆಗು' ಅಂದೆ. ಭುಜದ ಮಟಾ ಕೈ ಎಮ್ಮಿಯೊಳಗ ಹಾಕಿ ನಿಂತಿದ್ದ ನಿನ್ನ ತಮ್ಮ. 'ಮಾಲವ್ವ, ನನ್ನ ಬೀಜದಾಗ ಜೀವ ಇಲ್ಲ, ಕಣ್ಣಾರೆ ನೋಡೇನಿ. ಇನ್ನೊಮ್ಮೆ ಅಗ್ನೆಸ್‌ಗ ಬಂಜಿ ಅಂದ್ರ ನಿನ್ನ ಎಮ್ಮಿಗೆ ಕೈ ಹಚ್ಚೂದಿಲ್ಲ' ಅಂದ. ನಾ ಅಂದಿಂದ ಬಾಯಿ ಬಿಟ್ಟಿಲ್ಲ."

ಅಗ್ನೆಸ್ ತಟ್ಟನೆ ಮಾಲವ್ವನ ಕಡೆ ತಿರುಗಿದಳು.

"ನಮ್ಮಪ್ಪಗೂ ಹೇಳಿದ್ದ," ಎಂದ ರುದ್ರೇಶ. "ನಮ್ಮ ಆಕಳ ಹಿಂದ ನಿಂತು."

ಗೌಸ ತಲೆ ಕೆರೆದುಕೊಂಡ. "ನಮ್ಮ ಅಮ್ಮಾಗೂ, ಅಕ್ಕಾ. ಕಡೀಕ ಕೈ ಮುಗದು, 'ಅಗ್ನೆಸ್‌ಗ ತಿಳಿಸಬ್ಯಾಡ್ರಿ, ಆಕಿ ಮುಂದ ಆಣಿ ಮಾಡೇನಿ' ಅಂದಿದ್ದನಂತ."

ಅಂದರೆ ಊರಿಗೆ ಊರೇ ತಿಳಿದಿತ್ತು! ತಿಳಿದೂ ಯಾರೂ ಅವನನ್ನು ನೋಡಿ ನಕ್ಕಿರಲಿಲ್ಲ, ಅವಳಿಗೊಂದು ಮಾತು ಅಂದಿರಲಿಲ್ಲ. ಯಾವ ಕೊಟ್ಟಿಗೆಯಲ್ಲಿ ಯಾರು ಏನೆಂದರೋ, ಅಲ್ಲಲ್ಲೇ ಅವನು ತನ್ನ ಮಾನ ಕೊಟ್ಟು ಅವಳ ಮಾನ ಬಿಡಿಸಿಕೊಂಡು ಬಂದಿದ್ದ. ಸಂಜೆ ಮನೆಗೆ ಬಂದು ಏನೂ ಆಗದವರ ಹಾಗೆ ಗಂಜಿ ಉಂಡು ಮಲಗಿದ್ದ.

ಅಗ್ನೆಸ್ ಮುಚ್ಚಳ ತೆರೆದಿಟ್ಟಿದ್ದ ಪೆಟ್ಟಿಗೆಯ ಪಕ್ಕ ಮೊಣಕಾಲೂರಿ ಕೂತಳು.

"ಎಲಾ ಕಳ್ಳಾ! ನನ್ನ ಮುಂದ ಆಣಿ ಮಾಡಿ ಊರ ತುಂಬ ಹೇಳಿ ಬಂದ್ಯಾ?" ಎಂದು ಅವನ ಭುಜಕ್ಕೆ ಪಟ್ಟನೆ ಒಂದು ಬಾರಿಸಿದಳು.

ನೆರೆದವರು ಬೆಚ್ಚಿಬಿದ್ದರು. ಮಾಲವ್ವ ಕಿಸಕ್ಕನೆ ನಕ್ಕುಬಿಟ್ಟಳು. ಅಗ್ನೆಸ್‌ಗೂ ನಗು ಬಂತು, ನಗುತ್ತಲೇ ಗೊಳೋ ಎಂದು ಅತ್ತಳು. ಪಾದ್ರಿಗಳು ಪುಸ್ತಕ ತೆರೆದು ಹೊತ್ತಾಯಿತೆಂದು ಸನ್ನೆ ಮಾಡಿದರು. ಹೊಡೆದ ಕೈ ಮಾತ್ರ ಅವನ ಭುಜದ ಮೇಲೆಯೇ ಇತ್ತು. ಅದನ್ನು ತೆಗೆಯಿರಿ ಎನ್ನಲು ಆ ಅಂಗಳದಲ್ಲಿ ಯಾರಿಗೂ ಬಾಯಿ ಬರಲಿಲ್ಲ.