ಎಕ್ಸ್‌ರೇ ಹಾಳೆಯಲ್ಲಿ ಕೊರೆದ ಕಾರು

"ಕಾರು ಬರೆಯೋದು ಇವನ ಕೈಯಲ್ಲ ಕಣ್ರಪ್ಪಾ. ಯಾವನೋ ಡ್ರೈವರ್ ಮುರ್ಕೊಂಡಿದ್ದ ಕಾಲು ಬರೀತೈತೆ!"

ಶಿರಾದ ಹೆದ್ದಾರಿ ಪಕ್ಕದ ಟೀ ಅಂಗಡಿಯ ಮುಂದೆ, ಎಂಟು ಹತ್ತು ಜನ ಲಾರಿಯವರ ಎದುರಿಗೆ, ಪೇಂಟರ್ ಹಯಾತ್ ಸಾಬರು ತಮ್ಮ ಶಿಷ್ಯ ಈರಲಿಂಗನಿಗೆ ಹೀಗೆ ಅಂದರು. ಅಂದು ಸುಮ್ಮನಾಗಲಿಲ್ಲ. ಅವನ ಚೀಲಕ್ಕೆ ಕೈ ಹಾಕಿ ನನ್ನನ್ನು ಹೊರಗೆಳೆದು ಬಿಸಿಲಿಗೆ ಹಿಡಿದರು. ನನ್ನ ಮೈಯಲ್ಲಿ ಕೊರೆದಿದ್ದ ಕಾರು ಕಂಡಿತು. ಅದರ ಸುತ್ತ ಬೆಳ್ಳಗೆ ಮೊಣಕಾಲಿನ ಕೆಳಗಿನ ಮೂಳೆಯೂ ಕಂಡಿತು. ಎಲ್ಲರೂ ನಕ್ಕರು. ಒಬ್ಬನಂತೂ, "ಕಾರಿಗೂ ಸಿಮೆಂಟ್ ಪಟ್ಟಿ ಹಾಕ್ಸಿದೀಯೇನೋ?" ಎಂದು ಟೀ ಚೆಲ್ಲಿಕೊಂಡ.

ಈರಲಿಂಗ ನೆಲ ನೋಡುತ್ತ ನಿಂತಿದ್ದ. ಅವನ ಕಿವಿಗಳು ಕೆಂಪಾಗಿದ್ದವು. ನನಗೆ ಅವಮಾನ ಆಗಲಿಲ್ಲ, ಭಯ ಆಯಿತು. ಬೆಂಕಿ ತಾಗಿದರೆ ನನ್ನಂಥ ಹಾಳೆ ಮುದುಡಿಕೊಂಡು ಕರಗಿಹೋಗುತ್ತದೆ. ಟೀ ಅಂಗಡಿಯ ಒಲೆ ಮೂರೇ ಹೆಜ್ಜೆ ದೂರದಲ್ಲಿ ಉರಿಯುತ್ತಿತ್ತು.

ಮೊದಲಿನಿಂದ ಹೇಳುತ್ತೇನೆ.

ನಾನು ಒಂದು ಎಕ್ಸ್‌ರೇ ಹಾಳೆ. ಆಸ್ಪತ್ರೆಯ ಕಿಟಕಿಯಿಲ್ಲದ ಕೋಣೆಯಲ್ಲಿ ಹುಟ್ಟಿದೆ. ನಾನು ಕೇಳಿದ ಮೊದಲ ಮಾತು, "ಅಯ್ಯೋ, ಮೆಲ್ಲಗೆ ಕಣಣ್ಣೋ!" ಅದು ಒಬ್ಬ ಲಾರಿ ಡ್ರೈವರನ ಕೂಗು. ಅವನ ಕಾಲಿನ ಮೂಳೆ ಎರಡು ತುಂಡಾಗಿತ್ತು. ಆ ಎರಡು ತುಂಡೂ ನನ್ನ ಮೈಮೇಲೆ ಮೂಡಿದವು. ಬೇರೆಯವರು ಹುಟ್ಟುವಾಗ ತಾವು ಅಳುತ್ತಾರೆ. ನಾನು ಬೇರೆಯವನ ಅಳುವಿನಲ್ಲಿ ಹುಟ್ಟಿದೆ.

ಮೂಳೆ ಕೂಡಿದ ಮೇಲೆ ಎಕ್ಸ್‌ರೇ ಯಾರಿಗೆ ಬೇಕು? ಬಿಸಾಡಲು ಡ್ರೈವರನ ಹೆಂಡತಿಗೆ ಹೆದರಿಕೆ, ಮತ್ತೆ ಡಾಕ್ಟರು ಕೇಳಿದರೆ ಏನು ಮಾಡೋದು ಅಂತ. ಹಾಸಿಗೆಯ ಕೆಳಗೆ ಸೇರಿಸಿಟ್ಟಳು. ಒಂದೂವರೆ ವರ್ಷ ಅವನ ಬೆನ್ನಿನ ಭಾರ ಹೊತ್ತುಕೊಂಡು ಮಲಗಿದ್ದೆ. ಒಂದು ದಿನ ಅವನ ಲಾರಿಯ ಹಿಂದೆ ಹೂವಿನ ಬಳ್ಳಿ ಬರೆಯಲು ಈರಲಿಂಗ ಬಂದ. ಹಳೇ ಎಕ್ಸ್‌ರೇ ಇದೆಯಾ ಎಂದು ಮೆಲ್ಲಗೆ ಕೇಳಿದ. ಡ್ರೈವರನಿಗೆ ಖುಷಿಯೋ ಖುಷಿ. "ತಗೊಂಡೋಗೋ ಮಾರಾಯ, ಅದನ್ನ ನೋಡಿದ್ರೆ ಇನ್ನೂ ಕಾಲು ನೋಯ್ತದೆ" ಎಂದು ನನ್ನನ್ನು ದಾಟಿಸಿಬಿಟ್ಟ.

ಈರಲಿಂಗ ನನ್ನನ್ನು ಒಂದು ಗಾಜಿನ ತುಂಡಿನ ಮೇಲೆ ಮಲಗಿಸಿದ. ಕ್ಯಾಲೆಂಡರಿನ ಕಾರಿನ ಚಿತ್ರವನ್ನು ನನ್ನ ಕೆಳಗಿಟ್ಟ. ಮುಂಭಾಗವೂ ಒಂದು ಪಕ್ಕವೂ ಕಾಣುವ ಹಾಗೆ ಓರೆಯಾಗಿ ನಿಂತ ಕಾರು. ಅರ್ಧ ಬ್ಲೇಡು ಹಿಡಿದು ಉಸಿರು ಬಿಗಿಹಿಡಿದು ಕೊರೆದ. ಬ್ಲೇಡು ಮೈಮೇಲೆ ಓಡಿದಾಗ ಆ ಡ್ರೈವರನ ಕೂಗು ನನಗೆ ಅರ್ಥವಾಯಿತು. ಬಾಗಿಲು, ದೀಪ, ಗಾಲಿ ಎಲ್ಲ ಆದ ಮೇಲೆ ಕೊನೆಗೆ ಮುಂದಿನ ಗಾಜು. ಅದರೊಳಗೆ ಉಂಗುರದಷ್ಟು ಸಣ್ಣ ಸ್ಟೀರಿಂಗು. ಅಲ್ಲಿಗೆ ನಾನು ಸ್ಟೆನ್ಸಿಲ್ ಆದೆ. ಗೋಡೆಗೆ ಒತ್ತಿ ಹಿಡಿದು, ಬಣ್ಣದ ಸ್ಪಂಜನ್ನು ತಟ್ಟಿ ತೆಗೆದರೆ ಕಾರು ಕೂತಿರುತ್ತಿತ್ತು.

ಅವನಿಗೆ ನಾನು ಯಾಕೆ ಬೇಕಾದೆ? ಸೋಮಾರಿ ಅಂತ ಅಲ್ಲ. ಹಾಗಂದವರ ಬಾಯಿಗೆ ನನ್ನ ಮೇಲಿನ ಬಣ್ಣವನ್ನೆಲ್ಲ ಬಳಿಯಬೇಕು. ಬೆನ್ನ ಹಿಂದೆ ಯಾರಾದರೂ ನಿಂತರೆ ಅವನ ಕೈ ಸತ್ತುಹೋಗುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿ ಭೂಪಟ ಬರೆ ಅಂದರಂತೆ. ಕೈ ಏಳಲಿಲ್ಲ. ಇಡೀ ಕ್ಲಾಸು ನಕ್ಕಿತಂತೆ. ಮಾರನೇ ದಿನ ಅವನು ಶಾಲೆಗೆ ಹೋಗಲಿಲ್ಲ, ಆಮೇಲೆ ಯಾವತ್ತೂ ಹೋಗಲಿಲ್ಲ. ನೇರ ಹಯಾತ್ ಸಾಬರ ಅಂಗಡಿಗೆ ಬಂದು ಸೇರಿದ. ಅಲ್ಲೂ ಬೆನ್ನ ಹಿಂದೆ ಒಬ್ಬರು ನಿಂತಿದ್ದರು.

ಸಾಬರು ಬರಿಗೈಯಲ್ಲಿ ಬರೆಯುವವರು. ಅಳತೆಯಿಲ್ಲ, ಅಚ್ಚಿಲ್ಲ. ಮೊದಲು ಎರಡು ಗಾಲಿ, ಆಮೇಲೆ ಅವುಗಳ ಮೇಲೆ ಕಾರು. "ಓರೆಯಾಗಿ ನಿಂತಿರೋ ಗಾಡಿಗೆ ಗಾಲಿ ದುಂಡಗಿರಲ್ಲ ಕಣೋ, ಮೊಟ್ಟೆ ಥರ ಇರ್ತದೆ. ಮೊಟ್ಟೆ ಬರದೋನಿಗೆ ಕಾರು ಬರಲ್ಲ" ಎನ್ನುತ್ತಿದ್ದರು. ಈರಲಿಂಗನಿಗೆ ಆರು ತಿಂಗಳು ಸ್ಲೇಟಿನ ಮೇಲೆ ಬರೀ ಮೊಟ್ಟೆ ಬರೆಸಿದರು. ಒಬ್ಬನೇ ಇದ್ದಾಗ ಬರುತ್ತಿತ್ತು. ಸಾಬರು ಬಗ್ಗಿ ನೋಡಿದರೆ ಮೊಟ್ಟೆ ಆಲೂಗಡ್ಡೆಯಾಗುತ್ತಿತ್ತು.

ಆ ಅಂಗಡಿಯಲ್ಲಿ ಒಂದು ಪದ್ಧತಿ. ಬರೆದ ಬೋರ್ಡಿನ ಮೂಲೆಯಲ್ಲಿ ಪೇಂಟರನ ಹೆಸರು ಬೀಳಬೇಕು. ಒಂದು ಇಡೀ ಕಾರನ್ನು ಬರಿಗೈಯಲ್ಲಿ ಬರೆದು ತೋರಿಸುವ ತನಕ ಶಿಷ್ಯನ ಹೆಸರು ಗೋಡೆ ಹತ್ತುವಂತಿಲ್ಲ. ಆರು ವರ್ಷ ಈರಲಿಂಗ ಶಿರಾ ಸುತ್ತಮುತ್ತಲಿನ ಗ್ಯಾರೇಜು, ವಾಟರ್ ಸರ್ವೀಸು, ಟೈರ್ ಅಂಗಡಿಗಳ ಗೋಡೆ ತುಂಬಿಸಿದ. ಪ್ರತಿಯೊಂದರ ಕೆಳಗೂ ಅವನ ಕೈಯಿಂದಲೇ ಬರೆದದ್ದು "ಹಯಾತ್, ಶಿರಾ." ತನ್ನ ಹೆಸರನ್ನು ಅವನು ಹಳೇ ಪೇಪರಿನ ಮೇಲೆ ಬರೆದು ನೋಡಿ ಹರಿದು ಹಾಕುತ್ತಿದ್ದ.

ಜನ ನಿಂತು ನೋಡುವ ಗೋಡೆಯ ಮುಂದೆ ಕೈ ಏಳುತ್ತಿರಲಿಲ್ಲ, ಅದಕ್ಕೇ ಸಾಬರಿಗೆ ಕಾಣದಂತೆ ಕದ್ದು ನನ್ನನ್ನು ಬಳಸಿದ. ಬೈಯಲಿ ಯಾರು ಬೈಯುತ್ತಾರೋ. ಗೆರೆ ನೇರ ಬರಲಿ ಅಂತ ಸಾಬರೇ ದಾರವನ್ನು ಬಣ್ಣದಲ್ಲಿ ಅದ್ದಿ ಗೋಡೆಗೆ ಹೊಡೆಯುತ್ತಿದ್ದರಲ್ಲ, ಅದೇನು? ಟೇಪು ಹಿಡಿದ ಟೈಲರ್ ಕಳ್ಳನಾ? ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಇದ್ದಷ್ಟು ದಿನ ಅವನ ಕೈ ಕಲಿಯಲಿಲ್ಲ. ನನ್ನ ಅಂಚು ಹಿಡಿದು ನಡೆಯಿತು, ಅಷ್ಟೇ.

ನನಗೊಂದು ದೋಷವೂ ಇದೆ. ಕಾರು ಆ ಕಡೆ ಮುಖ ಮಾಡಬೇಕಾದರೆ ನನ್ನನ್ನು ಮಗುಚಿ ಹಾಕಬೇಕು. ಮಗುಚಿದರೆ ಕಾರೇನೋ ತಿರುಗುತ್ತದೆ. ಜೊತೆಗೆ ಸ್ಟೀರಿಂಗೂ ಬಲದಿಂದ ಎಡಕ್ಕೆ ಹೋಗಿಬಿಡುತ್ತದೆ. ನಮ್ಮ ರಸ್ತೆಯಲ್ಲಿ ಓಡದ ಕಾರಾಗುತ್ತದೆ. ಈರಲಿಂಗ ಇದನ್ನು ಮೊದಲ ವಾರವೇ ಕಂಡುಕೊಂಡಿದ್ದ. ಮಗುಚುವಾಗಲೆಲ್ಲ ಗಾಜಿನ ತೂತಿಗೆ ಟೇಪು ಅಂಟಿಸುತ್ತಿದ್ದ, ಸ್ಟೀರಿಂಗನ್ನು ಮಾತ್ರ ಬ್ರಷ್ಷಿನಲ್ಲಿ ಬಲಗಡೆಗೇ ಬರೆಯುತ್ತಿದ್ದ. ಅದು ನನಗೆ, ಅವನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಟೀ ಅಂಗಡಿಯ ಮುಂದಿನ ಮಾತು. ಸಾಬರು ನನ್ನನ್ನು ಒಲೆಗೆ ಹಾಕಲಿಲ್ಲ. ಈರಲಿಂಗನ ಎದೆಗೆ ಒತ್ತಿ ಹೇಳಿದರು:

"ಮರುಳಪ್ಪನ ಡ್ರೈವಿಂಗ್ ಸ್ಕೂಲ್ ಗೇಟಿಗೆ ಎರಡು ಕಾರು ಬರೀಬೇಕು. ಎಡಗಡೆ ಕಂಬ ನಿಂದು, ಬಲಗಡೆ ನಂದು. ಬರಿಗೈಯಲ್ಲಿ ಬರಿ. ಸರಿಯಾಗಿ ಬಂದ್ರೆ ಅದರ ಕೆಳಗೆ ನಿನ್ನ ಹೆಸರೇ ಹಾಕು. ಬರ್ಲಿಲ್ಲ ಅಂದ್ರೆ ನನ್ನ ಅಂಗಡಿ ಮೆಟ್ಲು ಹತ್ಬೇಡ, ಸುಣ್ಣ ಹೊಡೆಯೋಕೆ ಹೋಗು."

ಮೂರು ದಿನ. ಆ ಮೂರು ದಿನವೂ ನಾನು ಗೇಟಿಗೆ ನೇತುಹಾಕಿದ ಚೀಲದಲ್ಲಿದ್ದೆ, ಬಾಯಿ ತೆರೆದ ಚೀಲ, ಎಲ್ಲ ಕಾಣುತ್ತಿತ್ತು. ಒಳಗಿನ ಬಯಲಿನಲ್ಲಿ ಕಾರು ಕಲಿಯುವವರು ರಿವರ್ಸ್ ತೆಗೆಯುತ್ತಿದ್ದರು, ಸರದಿಗೆ ಕಾಯುವವರು ಕಂಬದ ಹತ್ತಿರ ಬಂದು ನಿಲ್ಲುತ್ತಿದ್ದರು. ಸರಿಯಾಗಿ ಅವನ ಬೆನ್ನ ಹಿಂದೆ. ಮೊದಲ ದಿನ ಏಳು ಸಲ ಸೀಮೆಸುಣ್ಣದಲ್ಲಿ ಗಾಲಿ ಬರೆದ, ಏಳು ಸಲ ಅಂಗಿಯ ತೋಳಿನಲ್ಲಿ ಒರೆಸಿದ. ಎರಡನೇ ದಿನ ಚೀಲಕ್ಕೆ ಕೈ ಹಾಕಿ ನನ್ನನ್ನು ಅರ್ಧ ಹೊರಗೆಳೆದ. ಅವನ ಬೆರಳು ಒದ್ದೆಯಾಗಿತ್ತು. ಅವನಿಗೆ ನಾನಿಲ್ಲದೆ ಆಗದಿದ್ದರೆ ಅವನು ಮುಗಿದ. ನಾನಿಲ್ಲದೆ ಆದರೆ ನಾನು ಮುಗಿದೆ. ನಾನು ಯಾವುದಕ್ಕೆ ಹೆಚ್ಚು ಹೆದರಿದೆನೋ ಹೇಳಲಾರೆ. ಅವನು ನನ್ನನ್ನು ಮತ್ತೆ ಒಳಗೆ ತುರುಕಿದ.

ಮೂರನೇ ದಿನ ಬೆಳಿಗ್ಗೆ ಮೊಟ್ಟೆ ಬಂತು. ಒಂದೇ ಸುತ್ತು, ಕೈ ಎತ್ತಲಿಲ್ಲ. ಪಕ್ಕದಲ್ಲಿ ಇನ್ನೊಂದು. ಆಮೇಲೆ ಅವನು ಜನರನ್ನು ಮರೆತೇಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಕೆಂಪು ಕಾರು ಕಂಬದಲ್ಲಿ ನಿಂತಿತ್ತು. ಸ್ಟೀರಿಂಗು ಬಲಗಡೆ, ಬಾಗಿಲ ಮೇಲೆ ಬಿಸಿಲಿನ ಮಿಂಚು. ಕಲಿಯಲು ಬಂದ ಟೀಚರಮ್ಮ ಒಬ್ಬರು, "ಸ್ವಲ್ಪ ಸರ್ಕೊಳ್ರಮ್ಮಾ, ಗಾಡಿ ಮೈಮೇಲೇ ಬರ್ತೈತೆ" ಎಂದರು. ನನ್ನಿಂದ ತೆಗೆದ ಒಂದು ಕಾರಿಗೂ ಯಾರೂ ಹಾಗೆ ಅಂದಿರಲಿಲ್ಲ.

ಸಾಬರು ಬಂದು ಬಹಳ ಹೊತ್ತು ನೋಡಿದರು. "ಹ್ಞೂಂ" ಎಂದರು. "ಬೆಳಿಗ್ಗೆ ಮರುಳಪ್ಪ ನೋಡ್ಲಿ. ಆಮೇಲೆ ಹೆಸರು ಹಾಕು. ಈಗ ಮನೆಗೆ ಹೋಗಿ ಉಣ್ಣು, ಮಲಕ್ಕೋ."

ಈರಲಿಂಗ ಓಡಿದ. ಖುಷಿಯಲ್ಲಿ ಚೀಲವನ್ನೇ ಮರೆತ.

ಕಲಿಯುವವರೂ ಊಟಕ್ಕೆ ಹೋದರು. ಬಲಗಡೆಯ ಕಂಬದ ಮುಂದೆ ಸಾಬರು ಒಬ್ಬರೇ ಉಳಿದರು. ಸೀಮೆಸುಣ್ಣ ಹಿಡಿದರು. ಗಾಲಿ ಶುರುವಾಯಿತು, ಅರ್ಧಕ್ಕೆ ಗೆರೆ ಹಲ್ಲುಹಲ್ಲಾಯಿತು. ಒರೆಸಿದರು. ಮತ್ತೆ ಬರೆದರು. ಎಡಗೈಯಲ್ಲಿ ಬಲಗೈಯ ಮಣಿಕಟ್ಟು ಹಿಡಿದು ಬರೆದರು. ಆಗಲಿಲ್ಲ. ರಸ್ತೆಯ ಆ ಕಡೆ ಈ ಕಡೆ ನೋಡಿದರು. ಆಮೇಲೆ ಚೀಲದ ಹತ್ತಿರ ಬಂದು ನನ್ನನ್ನು ತೆಗೆದರು.

ಆ ಕೈಯ ನಡುಕ ನನ್ನ ಇಡೀ ಮೈಗೆ ಹತ್ತಿತು. ಜ್ವರ ಬಂದವನ ಹಲ್ಲಿನ ಹಾಗೆ ನಾನು ಟಕಟಕ ಎಂದೆ. ಆಗ ನನಗೆ ಎಲ್ಲ ತಿಳಿಯಿತು. ಒಂದು ವರ್ಷದಿಂದ ಸಾಬರು ಬೈಯುತ್ತಲೇ ಎಲ್ಲ ಕಾರುಗಳನ್ನೂ ಈರಲಿಂಗನ ಕೈಯಲ್ಲೇ ಬರೆಸುತ್ತಿದ್ದದ್ದು, ಟೀ ಲೋಟವನ್ನು ಮೇಜಿನಿಂದ ಎತ್ತದೆ ಬಗ್ಗಿ ಕುಡಿಯುತ್ತಿದ್ದದ್ದು. ಕೈ ಹೋದ ಪೇಂಟರನಿಗೆ ಯಾವ ಊರಿನಲ್ಲಿ ಯಾರು ಗೋಡೆ ಕೊಡುತ್ತಾರೆ? ಆ ಮುದುಕ ನನಗಿಂತ ಹೆಚ್ಚು ಹೆದರಿದ್ದ.

ಎರಡು ಕಾರೂ ಎದುರುಬದುರು ಮುಖ ಮಾಡಿರಲಿ ಅಂತ ಅವರು ನನ್ನನ್ನು ಮಗುಚಿ ಕಂಬಕ್ಕೆ ಒತ್ತಿದರು.

ಟೇಪು! ಗಾಜಿಗೆ ಟೇಪು ಹಾಕಿ ಸಾಬರೇ! ಎಂದು ಕೂಗಬೇಕೆನಿಸಿತು. ಹಾಳೆಗೆ ಬಾಯಿ ಎಲ್ಲಿದೆ? ನಲವತ್ತು ವರ್ಷ ಬರಿಗೈಯಲ್ಲಿ ಬರೆದವರು, ಜನ್ಮದಲ್ಲಿ ಸ್ಟೆನ್ಸಿಲ್ ಮುಟ್ಟದವರು, ಅವರಿಗೆ ನನ್ನ ದೋಷ ಹೇಗೆ ಗೊತ್ತಿರಬೇಕು? ಸ್ಪಂಜು ತಟ್ಟಿದರು. ನೀಲಿ ಕಾರು. ಗಾಜಿನೊಳಗೆ ಸಣ್ಣ ಸ್ಟೀರಿಂಗು, ಎಡಗಡೆ. ಅವರು ಅಂಚು ಅಂಚನ್ನೇ ನೋಡಿದರು, ಎಲ್ಲೂ ನಡುಗಿರಲಿಲ್ಲ. ಹೆದರಿದವನು ಗೆರೆ ನೋಡುತ್ತಾನೆ, ಗಾಡಿ ನೋಡುವುದಿಲ್ಲ. "ಬಂತು" ಎಂದು ಮೆಲ್ಲಗೆ ಅಂದರು. ನನ್ನನ್ನು ಚಿಂದಿಯಲ್ಲಿ ಅರೆಬರೆ ಒರೆಸಿ ಚೀಲಕ್ಕೆ ಹಾಕಿ ಹೊರಟುಹೋದರು.

ಈಗ ನನಗೆ ವಯಸ್ಸಾಗಿದೆ. ಅದೇ ಡ್ರೈವಿಂಗ್ ಸ್ಕೂಲಿನ ಹಿಂದಿನ ಕೋಣೆಯಲ್ಲಿ, ಸವೆದ ಟೈರುಗಳ ನಡುವೆ ಬಿದ್ದಿದ್ದೇನೆ. ಬಣ್ಣ ಕಟ್ಟಿ ನನ್ನ ತೂತುಗಳು ಮುಚ್ಚಿಹೋಗಿವೆ. ಇಲ್ಲಿ ಬಂದು ಕೂರುವವರು ಕೆಲವೊಮ್ಮೆ ಮಾತಾಡುತ್ತಾರೆ, ಅಚ್ಚು ಹಿಡಿದು ಬರೆಯೋದು ವಿದ್ಯೆಯೇ ಅಲ್ಲ ಅಂತ ಒಬ್ಬ, ಕೆಲಸ ಆದರೆ ಸಾಕು ಅಂತ ಇನ್ನೊಬ್ಬ. ನನಗೆ ನಗು ಬರುತ್ತದೆ. ನನ್ನನ್ನು ಹಿಡಿದ ಇಬ್ಬರನ್ನೂ ನಾನು ಬಲ್ಲೆ. ಇಬ್ಬರೂ ನನ್ನನ್ನು ಹಿಡಿದದ್ದು ನಗುವ ಜನರ ಭಯಕ್ಕೆ. ಒಬ್ಬನಿಗೆ ಆ ಭಯ ಬಿಟ್ಟ ದಿನವೇ ಇನ್ನೊಬ್ಬರಿಗೆ ಹಿಡಿಯಿತು. ಮಾರನೇ ದಿನ ನಡೆದದ್ದನ್ನು ಹೇಳಿಬಿಡುತ್ತೇನೆ.

ಮೂರು ದಿನ ಊರಲ್ಲಿಲ್ಲದ ಮರುಳಪ್ಪ ಬೆಳಿಗ್ಗೆ ಒಂಬತ್ತಕ್ಕೆ ಬಂದ. ಅವತ್ತೇ ಹೊಸದಾಗಿ ಕಲಿಯಲು ಸೇರಿದವರು, ಯಾವ ಕಾರು ಯಾರು ಬರೆದರೆಂದು ನೋಡದವರು, ಸುತ್ತ ಸೇರಿದರು. ಈರಲಿಂಗ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಂದಿದ್ದ. ಕೈಯಲ್ಲಿ ಸಣ್ಣ ಬ್ರಷ್ಷು, ಹೆಸರು ಬರೆಯುವುದು. ಮರುಳಪ್ಪ ಎಡಗಡೆಯ ಕೆಂಪು ಕಾರು ನೋಡಿ ತಲೆದೂಗಿದ. ಬಲಗಡೆಗೆ ತಿರುಗಿದವನು ನಿಂತುಬಿಟ್ಟ.

"ಏನಯ್ಯಾ ಇದು! ಸ್ಟೀರಿಂಗು ಎಡಗಡೆ ಐತಲ್ಲೋ! ನನ್ನ ಸ್ಕೂಲಿಗೆ ಬರೋರು ಇನ್ಮೇಲೆ ಕ್ಲೀನರ್ ಸೀಟಲ್ಲಿ ಕೂತು ಗಾಡಿ ಓಡಿಸ್ಬೇಕಾ?"

ಎಲ್ಲರೂ ಗೊಳ್ಳೆಂದರು. ಮರುಳಪ್ಪ ಈರಲಿಂಗನ ಕಡೆ ಬೆರಳು ತೋರಿಸಿದ. "ಇದು ನಿಂದೇ. ಕೇಳೋದೇ ಬೇಡ. ಆ ಕೆಂಪುದರ ಗಾಲಿ ನೋಡೋ, ಗಾಲಿ! ಉಸ್ತಾದ್ ಕೈ ಅಂದ್ರೆ ಅದು. ಆರು ವರ್ಷ ಏನು ಕಡಿದು ಕಟ್ಟೆ ಹಾಕಿದೆ ನೀನು?"

ಈರಲಿಂಗ ನೀಲಿ ಕಾರು ನೋಡಿದ. ನನ್ನ ಆಕಾರ ಅವನಿಗೆ ಗೊತ್ತಿಲ್ಲವೇ, ಅವನೇ ಕೊರೆದದ್ದು. ಚೀಲದಿಂದ ನನ್ನನ್ನು ಎಳೆದ. ನನ್ನ ಅಂಚಿನಲ್ಲಿ ನೀಲಿ ಇನ್ನೂ ಹಸಿಯಾಗಿ ಅವನ ಬೆರಳಿಗೆ ಹತ್ತಿತು. ಅವನು ಸಾಬರ ಕಡೆ ನೋಡಿದ. ಸಾಬರ ಬಲಗೈ ಜುಬ್ಬದ ಜೇಬಿನಲ್ಲಿತ್ತು. ಜೇಬಿನ ಬಟ್ಟೆ ಗಾಳಿಯಿಲ್ಲದೆಯೂ ಅಲುಗುತ್ತಿತ್ತು. 

ಈರಲಿಂಗನ ಮುಖ ಸುಟ್ಟಹಾಗಾಯಿತು. ಒಂದು ಮಾತು ಸಾಕಿತ್ತು. ಅದು ಅವನ ಬಾಯಿಯ ತನಕ ಬಂದದ್ದನ್ನು ನಾನು ಕಂಡೆ.

ಅಷ್ಟರಲ್ಲಿ ಮರುಳಪ್ಪ ಅವನ ಕೈಯ ಬ್ರಷ್ಷನ್ನು ಕಿತ್ತುಕೊಂಡು ಸಾಬರ ಮುಂದೆ ಹಿಡಿದ. "ತಗೊಳ್ಳಿ ಸಾಬ್ರೇ. ಕೆಂಪು ಕಾರಿನ ಕೆಳಗೆ ನಿಮ್ಮ ಕೈಯಾರೆ ಹೆಸರು ಹಾಕಿ, ಇವರೆಲ್ಲ ನೋಡ್ಲಿ. ಆ ನೀಲಿಗೆ ಸುಣ್ಣ ಹೊಡೆಸ್ತೀನಿ."

ಸಾಬರ ಕೈ ಜೇಬಿನಿಂದ ಹೊರಗೆ ಬರಲಿಲ್ಲ. ಬ್ರಷ್ಷು ಗಾಳಿಯಲ್ಲೇ ಉಳಿಯಿತು. ಒಬ್ಬೊಬ್ಬರಾಗಿ ನಗುವುದನ್ನು ನಿಲ್ಲಿಸಿ ಆ ಜೇಬಿನ ಕಡೆ ನೋಡತೊಡಗಿದರು. ನನ್ನ ಜನ್ಮದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ.

ಈರಲಿಂಗ ನನ್ನನ್ನು ನೆಲಕ್ಕೆ ಬಿಸಾಡಿದ. ಮರುಳಪ್ಪನ ಕೈಯಿಂದ ಬ್ರಷ್ಷು ಕಸಿದುಕೊಂಡ. ಎಡಗಡೆಯ ಕಂಬದ ಮುಂದೆ ಕುಕ್ಕರಗಾಲಲ್ಲಿ ಕೂತ. ಅಷ್ಟೂ ಜನ ಬೆನ್ನ ಹಿಂದೆ ನಿಂತಿದ್ದರು. ಕೈ ಒಂದಿಷ್ಟೂ ಅಲುಗಲಿಲ್ಲ. ತಾನು ಬರೆದ ಕಾರಿನ ಕೆಳಗೆ, ಒಂದೊಂದೇ ಅಕ್ಷರ ತಿದ್ದಿ, "ಹಯಾತ್, ಶಿರಾ" ಎಂದು ಬರೆದ.

ಎದ್ದು ಬ್ರಷ್ಷನ್ನು ಸೀಮೆಎಣ್ಣೆ ಡಬ್ಬಕ್ಕೆ ಎಸೆದ. ಎಣ್ಣೆ ಚಿಮ್ಮಿ ಮರುಳಪ್ಪನ ಬಿಳಿ ಪ್ಯಾಂಟಿನ ಮೇಲೆ ಬಿತ್ತು.

"ಏಯ್! ಸೊಕ್ಕೇನೋ ನಿಂಗೆ?" ಎಂದ ಮರುಳಪ್ಪ.

"ಈರಲಿಂಗಾ," ಎಂದರು ಸಾಬರು, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ. "ಯಾಕೋ ಹೇಳ್ಲಿಲ್ಲ?"

ಅವನು ಇಬ್ಬರನ್ನೂ ನೋಡಲಿಲ್ಲ. ಚೀಲವನ್ನೂ ಎತ್ತಿಕೊಳ್ಳಲಿಲ್ಲ. ಗೇಟು ದಾಟಿ, ಬರಿಗೈ ಬೀಸಿಕೊಂಡು, ಹೆದ್ದಾರಿಯ ಕಡೆ ನಡೆದುಹೋದ.