ಬಿಳಿ ಹಾಳಿಯ ಮೇಲೆ ಮುತ್ತಿನ ಶಾಯಿ

ನನ್ನ ಕಾಲು ಕುಂಟು, ಕೈ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಮಲಾಪುರದ ನಮ್ಮ ಮನೆಯಲ್ಲಿ ಎಲ್ಲರೂ ಮೊದಲು ನೋಡುತ್ತಿದ್ದದ್ದು ಕಾಲನ್ನೇ.

ಹೊಲಿಗೆ ಕ್ಲಾಸಿನ ಟೀಚರು ಒಂದು ಬಾಟಲಿ ಮುತ್ತಿನ ಶಾಯಿ ಕೊಟ್ಟು ಕಲಿಸಿದ್ದರು. ಅದನ್ನು ಗಳಿಗೆಗೊಮ್ಮೆ ಅಲುಗಾಡಿಸಬೇಕು, ಇಲ್ಲದಿದ್ದರೆ ಹೊಳಪೆಲ್ಲ ತಳಕ್ಕೆ ಕೂರುತ್ತದೆ. ಪೆನ್ನಿನ ಟಾಕು ಅದ್ದಿ ಕರಿ ಹಾಳಿಯ ಮೇಲೆ ಎಳೆದರೆ ನವಿಲುಗರಿ ಒಮ್ಮೆ ಹಸಿರು, ಒಮ್ಮೆ ಗುಲಾಬಿ. ಗ್ರೀಟಿಂಗ್ ಕಾರ್ಡು, ಉಡಿ ಸಾಮಾನಿನ ಡಬ್ಬಿ, ಗೋಡೆಯ ಪಟ, ಹೀಗೆ ನಾಲ್ಕು ವರ್ಷ ಕೂತು ಮಾಡಿದೆ.

೧೯೯೭ರ ಬೇಸಿಗೆಯಲ್ಲಿ ಕಲಬುರ್ಗಿಯವರು ಕನ್ಯೆ ನೋಡಲು ಬರುತ್ತೇವೆಂದು ಹೇಳಿಕಳಿಸಿದರು. ಲಗ್ನಪತ್ರಿಕೆ ಅಂಗಡಿಯವರು. ಹುಡುಗನ ತಾಯಿ ಪುತಳಾಬಾಯಿಗೆ ಕೈಕೆಲಸ ಬಲ್ಲ ಸೊಸೆಯೇ ಬೇಕಂತೆ. ನನಗೆ ಎಲ್ಲಿಲ್ಲದ ಆಸೆ ಹುಟ್ಟಿತು. ಅವ್ವ ಮಾತ್ರ ನನ್ನ ಪಟಗಳನ್ನೆಲ್ಲ ಪಡಸಾಲೆಯ ಗೋಡೆಗೆ ಹೊಡೆದು, ನನ್ನ ತಂಗಿ ಚಂದಮ್ಮನ ಸೀರೆಗೆ ಇಸ್ತ್ರಿ ಹಾಕತೊಡಗಿದಳು.

"ಇವು ನಾ ಮಾಡಿದ್ದಲ್ಲೇನವ್ವ?"

"ಯಾರ ಮಾಡಿದ್ರೇನು, ಮನೀವೇ ಅಲಾ? ನೀ ಅಡಗಿ ಮನ್ಯಾಗ ಕೂಡು. ಕುಂಟಗ ಎಂಟು ಚಾಷ್ಟಿ ಅಂತ, ಹೊರಗ ಬಂದು ಮಾನ ಕಳೀಬ್ಯಾಡ."

ಕೆಸರು ನನ್ನ ಕೈಗೆ, ಮೊಸರು ಚಂದಮ್ಮನ ಬಾಯಿಗೆ. ತಂಗಿಯ ಲಗ್ನ ಮೊದಲಾದರೆ ಅಕ್ಕನನ್ನು ಕೇಳಿಕೊಂಡು ಯಾರೂ ಬರುವುದಿಲ್ಲ. ನನಗಾಗ ಇಪ್ಪತ್ತಾರು.

ಅವರು ಬರುವ ದಿನ ಬೆಳಿಗ್ಗೆ ಚಂದಮ್ಮ ಬಂದು ನನ್ನ ಪಕ್ಕ ಕೂತಳು. ಅವಳು ಟಾಕು ಹಿಡಿದವಳೇ ಅಲ್ಲ.

"ಅಕ್ಕ, ಹೆಸರು ಬರದು ತೋರ್ಸು ಅಂದ್ರ ಯಾವ ಹಾಳಿ ತಗೊಳ್ಳಿ?"

"ಬಿಳಿದು."

"ನಿನ್ನವೆಲ್ಲ ಕರಿದರ ಮ್ಯಾಲ ಅವ ಅಲಾ?"

"ನವಲಿಗೆ ಕರಿದು ನಡೀತದ. ಲಗ್ನದ ಮಾತಿಗೆ ಬಂದೋರ ಮುಂದ ಕರಿದರ ಮ್ಯಾಲ ಹೆಸರು ಬರೀತಾರೇನ ಹುಚ್ಚಿ?"

ಅವಳು ನಂಬಿದಳು. ಹುಟ್ಟಿದಾಗಿನಿಂದ ನಾನು ಹೇಳಿದ್ದನ್ನೆಲ್ಲ ನಂಬಿದವಳು.

ಮಂಡಕ್ಕಿಯ ಸುಸಲಾ, ಕೆಂಪು ಬಾಳೆಹಣ್ಣು ತಿಂದು ಪುತಳಾಬಾಯಿ ಪಟಗಳನ್ನು ಒಂದೊಂದಾಗಿ ಇಳಿಸಿ ನೋಡಿದಳು. "ನಿನ್ನ ಹೆಸರು ಬರಿಯವ್ವ" ಎಂದಳು. ಚಂದಮ್ಮ ಬಿಳಿ ಹಾಳಿ ತೆಗೆದು, ಬಾಟಲಿ ಅಲುಗಾಡಿಸದೆ ಟಾಕು ಅದ್ದಿ ಬರೆದಳು. ಹಾಳಿಯ ಮೇಲೆ ಏನೂ ಕಾಣಲಿಲ್ಲ. ಇನ್ನೊಮ್ಮೆ ಬರೆದಳು. ಬಂದವರಲ್ಲಿ ಯಾರೋ ನಕ್ಕರು. ಚಂದಮ್ಮನ ಕಣ್ಣೀರು ಹಾಳಿಯ ಮೇಲೇ ಬಿತ್ತು. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ, ಸುಳ್ಳೇಕೆ ಹೇಳಲಿ, ಸಂತೋಷವಾಯಿತು.

ಪುತಳಾಬಾಯಿ ಹಾಳಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಆ ಸೊಟ್ಟ ಅಕ್ಷರಗಳನ್ನು ನೋಡಿದಳು. "ಬಿಳಿದರ ಮ್ಯಾಲ ಇದು ಕಾಣಂಗಿಲ್ಲಂತ ಮಾಡಿದಾಕಿಗೆ ಗೊತ್ತಿರ್ತದ. ಮಾಡಿದಾಕಿನ್ನ ಕರೀರಿ."

ಕರೆಯುವ ಮೊದಲೇ ನಾನು ಬಾಗಿಲಲ್ಲಿದ್ದೆ. ಅವಳು ನನ್ನ ಬೆರಳು ನೋಡಿದಳು, ಉಗುರಿನ ಸಂದಿಯ ಹೊಳಪು ನೋಡಿದಳು, ಆಮೇಲೆ ಕಾಲು ನೋಡಿದಳು. ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಸಣ್ಣಾಕಿನ್ನ ಮನಿಗೆ ತಗೋತೀವಿ. ದೊಡ್ಡಾಕಿನ್ನ ಅಂಗಡಿಗೆ ಕಳಸ್ರಿ. ಉಣ್ಣಾಕ ಉಡಾಕ ನಾವೇ ನೋಡ್ಕೋತೀವಿ."

ಅಪ್ಪ ಕೈಮುಗಿದ. ಅವನ ಎರಡು ಭಾರ ಒಂದೇ ದಿನ ಇಳಿದವು.

ಚಂದಮ್ಮ ಅಂದು ನನ್ನನ್ನು ಏನೂ ಕೇಳಲಿಲ್ಲ. ಕಲಬುರ್ಗಿಗೆ ಹೋದ ಮೇಲೂ ಕೇಳಲಿಲ್ಲ. ಒಮ್ಮೆ ಬೈದಿದ್ದರೆ ನಾನು ನಿರಾಳವಾಗಿ ಮಲಗುತ್ತಿದ್ದೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಮೂರು ವರ್ಷ ಊರವರ ಮಕ್ಕಳ ಹೆಸರನ್ನು ಜೋಡಿ ಜೋಡಿಯಾಗಿ ಬರೆದೆ. ಕಾಗದ ಕತ್ತರಿಸುವ ಮಾಣಿಕಪ್ಪ, ಹೆಂಡತಿ ಸತ್ತವನು, ಕೇಳದೆಯೇ ನನ್ನ ಬಾಟಲಿ ಅಲುಗಾಡಿಸಿ ಕೊಡುತ್ತಿದ್ದ. ಒಂದು ದಿನ ಕತ್ತರಿ ಕೆಳಗಿಟ್ಟು ಕೇಳಿದ.

"ನಿಮ್ಮನ್ನ ಲಗ್ನಕ್ಕ ಕೇಳ್ಲೇನ್ರಿ ಮನ್ಯಾಗ?"

"ಹೂಂ, ಕೇಳ್ರಿ."

ಅಷ್ಟೊತ್ತಿಗೆ ಪುತಳಾಬಾಯಿ ಹಾಸಿಗೆ ಹಿಡಿದಿದ್ದಳು, ದುಡ್ಡಿನ ಗಲ್ಲೆಯ ಮೇಲೆ ಚಂದಮ್ಮ ಕೂರುತ್ತಿದ್ದಳು. ಅಂದು ಮಧ್ಯಾಹ್ನವೇ ನಾನು ಚಂದಮ್ಮನಿಗೆ ನಗುತ್ತ ವಿಷಯ ಹೇಳಿದ್ದೆ. ಸಂಜೆ ಗೋಡೆಯಾಚೆಯಿಂದ ಅವನ ಮಾತು ನನಗೆ ಕೇಳಿಸಿತು.

"ವೈನಿ, ನಿಮ್ಮ ಅಕ್ಕ ಭಾಗಮ್ಮಾರನ್ನ ನಾ ಲಗ್ನ ಆಗ್ಬೇಕಂತೀನಿ. ಅವರ ಕಾಲಿಂದು ನನಗೇನೂ ಇಲ್ರಿ."

ಚಂದಮ್ಮನ ದನಿ ಬೆಣ್ಣೆಯ ಹಾಗಿತ್ತು. "ಅಕ್ಕ ಈಗಷ್ಟೇ ನನ್ನ ಮುಂದ ಅತ್ತಾಳ್ರಿ ಮಾಣಿಕಪ್ಪ. ನಿಮ್ಮ ಮಾರಿ ಮ್ಯಾಲ ಒಲ್ಲೆ ಅನ್ನಾಕ ಆಗ್ದ ಸಂಕೋಚಕ್ಕ ಹೂಂ ಅಂದಾಳಂತ. ಇನ್ನೊಮ್ಮೆ ಅಕಿನ್ನ ಕೇಳಬ್ಯಾಡ್ರಿ."

ನಾನು ಗೋಡೆ ಹಿಡಿದು ಎದ್ದು ಹೊರಬರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದ. ಮರುದಿನದಿಂದ ಕೆಲಸಕ್ಕೇ ಬರಲಿಲ್ಲ.

"ಯಾಕ ಹಂಗ ಹೇಳ್ದಿ?" ಎಂದೆ.

"ನೀ ಹ್ವಾದ್ರ ಕಾರ್ಡು ಯಾರು ಬರೀಬೇಕಕ್ಕ?" ಎಂದಳು.

ನಾಲ್ಕು ತಿಂಗಳ ಮೇಲೆ ಚಂದಮ್ಮ ಒಂದು ಚೀಟಿ ಹಿಡಿದು ಹಿಂದಿನ ಕೋಣೆಗೆ ಬಂದಳು.

"ಮಾಣಿಕಪ್ಪಂದು ಲಗ್ನ. ಮಹಾಗಾಂವದ ಹುಡುಗಿ. ಆಕಿ ಕಡಿಯೋರು ನಮ್ಮಲ್ಲೇ ಕೊಟ್ಟಾರ, ಮುತ್ತಿನ ಶಾಯೀಲೇ ಬೇಕಂತ. ಯಾವ ಹಾಳಿ ತಗೊಳ್ಳಿ ಅಕ್ಕ?"

ಅಂಗಡಿಯ ಕೆಲಸವನ್ನೆಲ್ಲ ಕಲಿತವಳು, ಗೊತ್ತಿದ್ದೇ ಕೇಳಿದಳು. ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.

"ಮರೂನ್ ತಗೋ," ಎಂದೆ.

"ಬಿಳಿದರ ಮ್ಯಾಲ ಕಾಣಂಗಿಲ್ಲೇನು?"

"ಕಾಣಂಗಿಲ್ಲ."

ಅವಳು ಮರೂನ್ ಕಾರ್ಡಿನ ಕಟ್ಟನ್ನು ನನ್ನ ಮುಂದಿಟ್ಟಳು. ಬಾಟಲಿಯನ್ನು ತಾನೇ ಚೆನ್ನಾಗಿ ಅಲುಗಾಡಿಸಿ, ಮುಚ್ಚಳ ತೆಗೆದು ಕೊಟ್ಟು, ಗಲ್ಲೆಗೆ ಹೋಗಿ ಕೂತಳು.